ಭೂಮಿಯೇ ಪ್ಲಸ್

ಒಂದು, ಐದು, ಮೂರು,
ಆರು, ಎರಡು, ನಾಲ್ಕು.
ಮಗ್ಗಿಗಿಂತ ಮೊದಲು ಬಾಯಿಗೆ ಬಂದ ಎಣಿಕೆ ಇದು.
ಶಾಲೆಯಲ್ಲಿ ಹೀಗೇ ಒಪ್ಪಿಸಿ ಏಟು ತಿಂದಿದ್ದೇನೆ.
ಪಿ.ಬಿ. ರಸ್ತೆಯ ಟೈರ್ ಅಂಗಡಿ ಹಿಂದೆ
ದಸ್ತಗೀರ್ ಉಸ್ತಾದರ ಶೆಡ್ಡಿನಲ್ಲಿ
ಆರು ಸಿಲಿಂಡರಿಗೆ ಕಿಡಿ ಬಡಿಸುವ ಸರದಿ ಇದೇ.
ಪಂಕ್ತಿಯ ಸಾಲು ಹಿಡಿದು ಬಡಿಸಿದರೆ
ಎಂಜಿನ್ನು ನಡ ಮುರಿದುಕೊಳ್ಳುತ್ತದೆ;
ಆ ತುದಿಗೊಂದು ತುತ್ತು, ಈ ತುದಿಗೊಂದು.

ಗಾಡಿ ಫಾರ್ಗೋ. ಐವತ್ನಾಲ್ಕರದು. ಪೆಟ್ರೋಲು.
ಹತ್ತಿ ಅಂಡಿಗೆ ಹೊತ್ತು ಮಿಲ್ಲಿನ ಗೇಟಿಗೆ ಬರುತ್ತಿದ್ದದ್ದು.
ಮಿಲ್ಲು ಮುಚ್ಚಿ ಎಷ್ಟೋ ವರ್ಷ,
ಬಾನೆಟ್ಟಿನ ಸಂದಿಯಲ್ಲಿ ಇವತ್ತೂ
ಜಿಡ್ಡು ಹಿಡಿದ ಅರಳೆ ಸಿಗುತ್ತದೆ.
ಈಗ ಕೊಟ್ರಬಸಪ್ಪನವರು ಭಾನುವಾರಕ್ಕೊಮ್ಮೆ
ಆನಗೋಡಿನ ತನಕ ಓಡಿಸಿ ಬರುತ್ತಾರೆ,
ಖಾಲಿ ಗಾಡಿ, ಮಡಿ ಪಂಚೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ
ಎದುರಾಬದುರು ಎರಡು ಪಾಯಿಂಟು,
ಹೆಸರುಕಾಳಿನಷ್ಟು ಮುಖ.
ಬಿಟ್ಟಾಗ ಕಿಡಿ.
ಎಷ್ಟು ಬಿಡಬೇಕು?
ಉಸ್ತಾದರು ಗೇಜು ಮುಟ್ಟಿದವರಲ್ಲ.
ಯಾರದೋ ಲಗ್ನಪತ್ರಿಕೆಯ ಮೂಲೆ ಹರಿದು
ಸಂದಿಗೆ ತೂರಿಸಿ ಎಳೆದು ನೋಡುವರು:
"ಬಿಗಿ ಹಿಡೀಬೇಕು, ಹರೀಬಾರ್ದು. ಸಂಸಾರದಂಗ."
ಅವರಿಗೆ ಮದುವೆಯಾಗಿರಲಿಲ್ಲ.
ಹರಿಹರದ ಹುಡುಗಿ, ಜಗಳೂರಿನ ಹುಡುಗ,
ಮುಹೂರ್ತದ ಗಳಿಗೆ ಮಾತ್ರ
ಗ್ರೀಸಿನಲ್ಲಿ ಅಳಿಸಿಹೋಗಿರುತ್ತಿತ್ತು.

ಗಳಿಗೆ ಕೂಡಿಸುವುದು ಕಿವಿಯ ಕೆಲಸ.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ,
ಉಸಿರು ಹಿಡಿದು
ಒಂದು ಕೂದಲೆಳೆ ಆಚೆ, ಅರ್ಧ ಕೂದಲೆಳೆ ಈಚೆ.

ಆ ಕಿವಿ ಹೋದ ವರ್ಷವೇ ಹೋಯಿತು.
ಇನ್ನೊಂದರ ಹತ್ತಿರ ಕೂಗಬೇಕು. ಕೈಯೂ ನಡುಗುತ್ತದೆ.
ಆ ಡಬ್ಬಿ ತಂದವರು ಅವರೇ,
ನಾನಲ್ಲ.
ಒಳಗೆ ಹುಣಸೆಬೀಜದಂಥ ಕಪ್ಪು ಮಾಡ್ಯೂಲು,
ಆರು ಅಯಸ್ಕಾಂತ ಹುದುಗಿಸಿದ ಒಂದು ಬಳೆ.
ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ;
ಹತ್ತಿರ ಸುಳಿದರೆ ಸಾಕು, ಗೊತ್ತಾಗುತ್ತದೆ.
"ಬ್ಯಾಡ ಉಸ್ತಾದ್, ಪಾಯಿಂಟೇ ಇರ್ಲಿ" ಅಂದೆ.
ಇನ್ನೊಮ್ಮೆ ಕೂಗಿ ಅಂದೆ.
ಟೈರ್ ಅಂಗಡಿಯವನು ತಿರುಗಿ ನೋಡಿದ.
ಉಸ್ತಾದರು ಸ್ಪ್ಯಾನರಿಗೆ ಕೈ ಚಾಚಿದರು.

ಪಾಯಿಂಟು ಬಿಚ್ಚಿದೆ, ಕಂಡೆನ್ಸರ್ ಬಿಚ್ಚಿದೆ.
ಬಳೆ ತೊಡಿಸಿದೆ, ಮುಚ್ಚಳ ಹಾಕಿದೆ.
ಕೊನೆಗೆ ಬ್ಯಾಟರಿ. ರೂಢಿಯ ಕೈ
ಮೈನಸ್ಸನ್ನು ಚಾಸಿಗೆ ಒಯ್ದಿತು.
ಟಪ್ಪನೆ ಮಣಿಕಟ್ಟಿಗೆ ಏಟು:
"ಏ ತಿಪ್ಪೇಶಿ! ಈ ಗಾಡ್ಯಾಗ ಭೂಮೀನ ಪ್ಲಸ್ಸು!"
ಒಂದು ಗೇಣು ಮುಂದೆ ಹೋಗಿದ್ದರೆ
ಮಾಡ್ಯೂಲು ಹೊಗೆ.
ಡಬ್ಬಿಯ ಮೇಲೂ ಬರೆದಿತ್ತು, ನಾನು ಓದಿರಲಿಲ್ಲ.
ಓದು ಬಾರದ ಅವರು
ಅಂಗಡಿಯವನನ್ನು ಮೂರು ಸಲ ಕೇಳಿ ತಂದಿದ್ದರು.

ಅರ್ಧ ಸುತ್ತಿಗೇ ಹಿಡಿಯಿತು.
ತಪ್ಪು ಹುಡುಕುವ ಕಿವಿಯಿಂದ ಕೇಳಿದೆ;
ಎಲ್ಲಿಯೂ ಎಡವಲಿಲ್ಲ ಹಾಳಾದ್ದು.
ಟೈಮಿಂಗ್ ದೀಪ ಬಿಟ್ಟರೆ
ಗಿರ್ರನೆ ತಿರುಗುವ ಪುಲ್ಲಿಯ ಮೇಲೆ
ಸುಣ್ಣದ ಗೆರೆ ನಿಂತೇ ಬಿಟ್ಟಿತ್ತು.
ಉಸ್ತಾದರು ಆ ಕಡೆ ನೋಡಲಿಲ್ಲ.
ಮಡ್‌ಗಾರ್ಡಿನ ಮೇಲೆ ಒಂದು ಅಂಗೈ,
ಇನ್ನೊಂದು ಕೈ ನನ್ನ ಹೆಗಲ ಮೇಲೆ;
ಬೆರಳು ಮೆಲ್ಲಗೆ ಬಡಿಯುತ್ತಿತ್ತು:
ಒಂದು, ಐದು, ಮೂರು...

ಹಳೆ ಪಾಯಿಂಟನ್ನು ಲಗ್ನಪತ್ರಿಕೆಯಲ್ಲಿ ಸುತ್ತಿ
ಸೀಟಿನ ಕೆಳಗಿಟ್ಟರು:
"ಇದು ಸಾಯೋ ಮುಂಚೆ ಕೆಮ್ತಿತ್ತು.
ಅದು ಹೇಳದಂಗ ಸಾಯ್ತೈತಿ. ಇರ್ಲಿ."

ಕೊಟ್ರಬಸಪ್ಪನವರು ನೂರು ರೂಪಾಯಿ ಚೌಕಾಸಿ ಮಾಡಿ
ಗಾಡಿ ಎತ್ತಿದರು.
ಸದ್ದು ರಸ್ತೆಯ ತಿರುವಿನಲ್ಲಿ ನನಗೂ ಕರಗಿತು.
ಉಸ್ತಾದರು ಇನ್ನೂ ಅಲ್ಲೇ ಇದ್ದರು,
ಚಪ್ಪಲಿ ಬಿಟ್ಟು, ಬರಿಗಾಲಲ್ಲಿ,
ಎಣ್ಣೆ ಕುಡಿದ ಆ ಮಣ್ಣಿನ ಮೇಲೆ.
ಯಾಕೆಂದು ನಾನು ಕೇಳಲಿಲ್ಲ.