ಹನ್ನೊಂದನೆಯ ಅಧ್ಯಾಯದ ಅಂಚು

ಒಂದೇ ಕ್ಯಾಬಿನ್ನು, ಒಂದೇ ರಾತ್ರಿ, ಇಬ್ಬರಿಗೆ ಮಾರಾಟ.
ತಾಲಿನ್ನಿನಿಂದ ಸ್ಟಾಕ್‌ಹೋಮಿಗೆ ಹೊರಟ ಹಡಗಿನಲ್ಲಿ
ಹೊಸದಾಗಿ ಮದುವೆಯಾದವರು ಬಾಗಿಲು ತೆರೆದರೆ
ಒಳಗೆ ಗೊರಕೆ ಹೊಡೆಯುತ್ತಿದ್ದ ಲಾರಿ ಡ್ರೈವರು.

ಎರಡು ಊರು, ಎರಡು ಬೆರಳು, ಒಂದೇ ಕ್ಷಣ.
ಆ ಕ್ಷಣದ ಒಳಗೆ ಎಷ್ಟು ಜಾಗವಿದೆಯೆಂದು
ವಿರ್ವೆ ಎಂದೂ ಇಣುಕಿರಲಿಲ್ಲ.
ಹದಿನಾರು ವರ್ಷ ಕೋಡು ಬರೆದೂ ಬರೆದೂ
ತಲೆಗೂ ಒಂದೆರಡು ಕೋಡು ಮೂಡಿದ್ದವು;
ಅವತ್ತು ಉದುರಿದವು.

ಕಂಪನಿ ನಲವತ್ತು ಯೂರೋ ಕೊಟ್ಟಿತು:
ಒಳ್ಳೆಯದೊಂದು ಪುಸ್ತಕ ತಗೊಳ್ಳಿ, ಮೂವರೂ ಓದಿ.

ದೊಡ್ಡ ಅಂಗಡಿಯಲ್ಲಿ ಪುಸ್ತಕಗಳು ಇಟ್ಟಿಗೆಯಂತೆ ನಿಂತಿದ್ದವು.
ಒಂದು, ಇನ್ನೂರು ಪುಟದವರೆಗೆ
ಒಲೆಯೆಂದರೇನು ಎಂದೇ ವಿವರಿಸುತ್ತಿತ್ತು,
ಇಪ್ಪತ್ತು ವರ್ಷ ಹೊಗೆ ಕುಡಿದವಳ ಮುಂದೆ ಕೂತ
ಬುದ್ಧಿವಂತ ನೆಂಟನ ಹಾಗೆ.
ಇನ್ನೊಂದರಲ್ಲಿ ಬರೀ ಸೂತ್ರ, ಸಮುದ್ರವಿದೆ, ಉಪ್ಪಿಲ್ಲ.
ಮತ್ತೊಂದು ಹೇಳಿತು: ನಾಯಿಯೂ ಪ್ರಾಣಿ, ಬೆಕ್ಕೂ ಪ್ರಾಣಿ,
ಒಂದು ಬೊಗಳುತ್ತದೆ, ಒಂದು ಮಿಯಾಂ ಎನ್ನುತ್ತದೆ.
ಅವಳ ಹಡಗಿನಲ್ಲಿ ನಾಯಿಗೆ ಒಂದು ದರ, ಬೆಕ್ಕಿಗೆ ಒಂದು ದರ,
ಕುರುಡರ ಕೈಹಿಡಿದು ಬರುವ ನಾಯಿಗೆ ಟಿಕೆಟ್ಟೇ ಇಲ್ಲ,
ಅದು ಸ್ವೀಡನ್ನಿನಲ್ಲಿ ಇಳಿದರೆ ಕಾಗದ ಬೇರೆ.
ಅದನ್ನು ಯಾವ ಪುಟ ಹೇಳುತ್ತದೆ?

ಕಲಮಾಯದ ನೆಲಮಾಳಿಗೆಗೆ ಏಳು ಮೆಟ್ಟಿಲು.
ಮಾರ್ಚಿನ ಕೊಳೆತ ಹಿಮ ಬೂಟಿನಿಂದ ಇಳಿಯುತ್ತಿತ್ತು.
ಮೀನು ಹಿಡಿಯುವ ಪುಸ್ತಕಗಳಿಗೂ
ಉಪ್ಪಿನಕಾಯಿ ಹಾಕುವ ಪುಸ್ತಕಗಳಿಗೂ ನಡುವೆ
ಅರ್ಧ ಕಪಾಟು ಕಂಪ್ಯೂಟರು.
ಮುದುಕಿ ಲೈನೆಗೆ ಆ ವಿಷಯ ಒಂದಕ್ಷರ ಬಾರದು.
'ಮುಖ ನೋಡಬೇಡ,' ಎಂದಳು, 'ಮಗ್ಗುಲು ನೋಡು.'

ಮುಚ್ಚಿದ ಪುಸ್ತಕದ ಮಗ್ಗುಲು:
ಮೊದಲ ಮೂರು ಅಧ್ಯಾಯ ಬೆರಳು ತಾಗಿ ಕಂದು,
ಆಮೇಲೆ ಯಾರೂ ನಡೆಯದ ಹಿಮ.
ಸಾಲು ಸಾಲಾಗಿ ಹೀಗೇ.
ಓದುಗರೆಲ್ಲ ಮೂರನೆಯದರಲ್ಲೇ ತೀರಿಕೊಂಡಂತೆ.

ಒಂದೇ ಒಂದು, ರಟ್ಟು ಹರಿದದ್ದು,
ಮುಂದೆ ಬಿಳಿ, ಹಿಂದೆ ಬಿಳಿ,
ನಡುವೆ ಬೆರಳಗಲ ಕಪ್ಪು ಪಟ್ಟಿ.
ಕೈಗೆತ್ತಿಕೊಂಡರೆ ತಾನೇ ಅಲ್ಲಿಗೆ ಬಿಚ್ಚಿಕೊಂಡಿತು:
ಇಬ್ಬರು ಒಂದೇ ವಸ್ತುವಿಗೆ ಕೈಚಾಚಿದಾಗ.
ಕಾಫಿ ಲೋಟದ ಉಂಗುರ. ಅಂಚಿನಲ್ಲಿ ಪೆನ್ಸಿಲು,
ಒತ್ತಿ ಒತ್ತಿ ಬರೆದದ್ದು:
'ಇದು ತಪ್ಪು. ನನ್ನ ಎರಡು ರಾತ್ರಿ ಹಾಳು.'

ಪುಸ್ತಕದ ಬದನೆಕಾಯಿ ಅನ್ನುತ್ತಾರಲ್ಲ,
ಇದು ಯಾರೋ ಕಚ್ಚಿ, ಮುಖ ಹಿಂಡಿ,
ಬಿಟ್ಟುಹೋದ ಕಾಯಿ. ಆರು ಯೂರೋ.

'ಎಂಟು ವರ್ಷ ಹಳೆಯದು,' ಮಾರ್ಗುಸ್ ರೇಗಿದ,
'ಆ ಭಾಷೆ ಅಷ್ಟರಲ್ಲಿ ಮೂರು ಸಲ ಪೊರೆ ಬಿಟ್ಟಿದೆ.'
'ಹಾವು ಅದೇ ಅಲ್ಲವೇ,' ಅಂದಳು ಕೈಡಿ,
ರೈ ಬ್ರೆಡ್ಡಿನ ಪುಡಿ ಕೊಡವುತ್ತ.

ಒಂಬತ್ತು ದಿನ. ಟ್ರಾಮಿನಲ್ಲಿ ಒಬ್ಬರು, ಊಟಕ್ಕೆ ಕೂತು ಒಬ್ಬರು.
ಅಂಚಿನ ಮಾತನ್ನು ನಂಬಿ ಬರೆದರು,
ಲಕ್ಷ ಸಲ ಓಡಿಸಿದರು,
ಲಕ್ಷದಲ್ಲಿ ನಾಲ್ಕು ಸಲ
ಲಾರಿ ಡ್ರೈವರು ಅದೇ ಮಂಚದಲ್ಲಿ ಗೊರಕೆ ಹೊಡೆದ.
ಹತ್ತನೆಯ ದಿನ ವಿರ್ವೆ ಕನ್ನಡಕ ಹಣೆಗೇರಿಸಿ
ಪುಟದ ಬುಡದ ಇರುವೆಸಾಲು ಓದಿದಳು.
ಬರೆದವರು ಸರಿ. ಪೆನ್ಸಿಲು ತಪ್ಪು.

ಉಳಿದ ಮೂವತ್ತನಾಲ್ಕಕ್ಕೆ ಮೇಲಿನವರು ಲೆಕ್ಕ ಕೇಳಿದರು;
ಹೂ ಕಳಿಸಿದ ವಿಳಾಸ ಅವಳು ಹೇಳಲಿಲ್ಲ.
ಆ ಸಂಜೆ ಎಲ್ಲರೂ ಹೋದ ಮೇಲೆ
ಮೊಂಡು ಪೆನ್ಸಿಲೊಂದು ಹುಡುಕಿ
ಹಳೆಯ ಸಾಲಿನ ಕೆಳಗೆ ಬರೆದಳು:

'ಅಲ್ಲ. ಅಡಿಟಿಪ್ಪಣಿ ನೋಡಿ.
ನಮ್ಮದು ಒಂಬತ್ತು ದಿನ ಹಾಳು.
ನೀವು ಯಾವ ಹಡಗಿನವರು?'