ಸಾವಿರ ತೂತಿನ ತಟ್ಟೆ

ನ್ಯೂ ಮೆಕ್ಸಿಕೋದ ಬೆಟ್ಟದ ನೆತ್ತಿ, ದೂರದರ್ಶಕದ ಮಗ್ಗುಲ ಶೆಡ್ಡು.
ಹಗಲು ಪಾಳಿ ನಮ್ಮದು,
ನನ್ನದು, ಡೆಲ್ಫೀನೋನದು.
ನಡುವೆ ಮೇಜಿನಗಲ ಅಲ್ಯುಮಿನಿಯಂ ತಟ್ಟೆ,
ತಟ್ಟೆಗೆ ಸಾವಿರ ತೂತು,
ತೂತಿಗೊಂದು ಗ್ಯಾಲಕ್ಸಿ.

ಗಾಜಿನೆಳೆಯ ತುದಿ ಹಿಡಿದು ತೂರಿಸಬೇಕು
ಟಕ್ ಎನ್ನುವ ತನಕ.
ಯಾವ ಎಳೆ ಯಾವ ತೂತಿಗಾದರೂ ಸರಿ,
ಆಮೇಲೆ ಯಂತ್ರ ದೀಪ ಹಾಯಿಸಿ ಲೆಕ್ಕ ಹಿಡಿಯುತ್ತದೆ.
ಡೆಲ್ಫೀನೋ ಮೊದಲು ಕುದುರೆಗೆ ಜೀನು ಹೊಲಿಯುತ್ತಿದ್ದವ.
"ಇವು ಒದೆಯುವುದಿಲ್ಲ, ಅದೇ ಪುಣ್ಯ" ಅನ್ನುತ್ತಾನೆ.
ಮುನ್ನೂರು ದಾಟಿದರೆ ಬೆರಳಿಗೆ ಜೋಮು.
ರಾತ್ರಿ ಅವುಗಳ ಬೆಳಕು ಇಳಿಯುವ ಹೊತ್ತಿಗೆ
ನಮಗೆ ನಿದ್ದೆ.

ಮಿಲೆನಾ ಒಂದು ದಿನ ನಕ್ಷೆ ತಂದಳು.
ಮೊದಮೊದಲು ಲೋಕವೆಲ್ಲ ಕುದಿವ ಬೆಳಕಿನ ಗಂಜಿಯಂತೆ,
ಅದರೊಳಗೊಂದು ಸದ್ದು ಓಡುತ್ತಿತ್ತಂತೆ,
ಕೇಳಲು ಕಿವಿಯಿರಲಿಲ್ಲ.
ಮೂರು ಲಕ್ಷ ಎಂಬತ್ತು ಸಾವಿರ ವರ್ಷಕ್ಕೆ ಗಂಜಿ ಆರಿ
ಬೆಳಕು ಬಿಡಿಸಿಕೊಂಡು ಹೊರಟಿತು,
ಸದ್ದು ಇದ್ದಲ್ಲೇ ನಿಂತಿತು.
ನಿಂತಲ್ಲಿ ಒಂದಿಷ್ಟು ದಟ್ಟ.
ಆ ಬಳೆಯೇ ಹಿಗ್ಗಿ ಹಿಗ್ಗಿ
ಈಗ ಐವತ್ತು ಕೋಟಿ ಜ್ಯೋತಿರ್ವರ್ಷ.
ಒಂದು ತಟ್ಟೆಯಲ್ಲಿ ಕಾಣದು, ನೂರರಲ್ಲೂ ಇಲ್ಲ,
ಲಕ್ಷಲಕ್ಷ ಟಕ್‌ಗಳನ್ನು ರಾಶಿ ಹಾಕಿದರೆ
ಒಂದು ಗೀಟಿನಲ್ಲಿ ಸಣ್ಣ ಗೂನು.

"ಇದಕ್ಕೇ?" ಅಂದ ಡೆಲ್ಫೀನೋ.
"ಇದಕ್ಕೇ" ಅಂದಳು.
ಗೂನಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ.

ನನ್ನ ಹೆಬ್ಬೆರಳಡಿ ಒತ್ತಿಕೊಂಡು ಕೂತ ಎರಡು ತೂತುಗಳ ನಡುವೆ
ಮುನ್ನೂರು ಕೋಟಿ ವರ್ಷದ ದಾರಿ ಎಂದು
ಆವತ್ತು ಗೊತ್ತಾಯಿತು.
ನಕ್ಷೆಯ ತುಂಬ ಎಳೆ, ಗಂಟು, ಅಂಚು,
ಉಳಿದದ್ದು ಬರಿದು. ಬಲು ದೊಡ್ಡ ಬರಿದು.
ಕಾದೆಣ್ಣೆಗೆ ಬಿಟ್ಟ ಸೋಪಪೀಯ ಉಬ್ಬುವಾಗ
ಹಿಟ್ಟೆಲ್ಲ ತೊಗಲಿಗೆ ಸರಿದು
ಹೊಟ್ಟೆಯಲ್ಲಿ ಗಾಳಿಯಷ್ಟೇ ಉಳಿಯುತ್ತದಲ್ಲ, ಹಾಗೆ.
ಬರಿದಿಗೆಂದು ಯಾರೂ ತೂತು ಕೊರೆಯಲಿಲ್ಲ,
ಆದರೂ ಅದೇ ಹೆಚ್ಚು ಬೆಳೆಯುತ್ತಿದೆಯಂತೆ.

ಈ ವರ್ಷ ಕೆಲಸ ರೋಬಾಟಿನ ಪಾಲಾಯಿತು.
ತಟ್ಟೆ ಬೇಕಾದವರು ಒಯ್ಯಿರಿ ಅಂದರು.
ಕೆಲವು ಶಾಲೆಗೆ, ಕೆಲವು ಗೋಡೆಗೆ. ಒಂದು ನನಗೆ.

ಸೆಪ್ಟೆಂಬರು. ಹಸಿಮೆಣಸು ಸುಡುವ ಕಾಲ.
ಮಂದ ಕೆಂಡದ ಮೇಲೆ ತಟ್ಟೆಯಿಟ್ಟು ಕಾಯಿ ಹರವಿದೆ.
ಸಾವಿರ ಕಡೆಯಿಂದ ಘಾಟು ಎದ್ದಿತು,
ಡೆಲ್ಫೀನೋ ಕೆಮ್ಮಿದ, ಕಣ್ಣೊರೆಸಿದ, ನನ್ನ ವಂಶವನ್ನೇ ಬೈದ.

ಅಂಚಿನ ತೂತೊಂದರ ಪಕ್ಕ ನಾನೇ ಗೀಚಿದ ಗುರುತು:
ಆವತ್ತು ಎಳೆ ಮುರಿದಿತ್ತು, ಬದಲಿ ಇರಲಿಲ್ಲ.
ಅಷ್ಟು ದೂರದಿಂದ ಬಂದ ಬೆಳಕು
ಬಾಗಿಲಲ್ಲಿ ನಿಂತು, ನೆಲಕ್ಕೆ ಚೆಲ್ಲಿಹೋಗಿರಬೇಕು.

ಅದರ ಮೇಲಿದ್ದ ಮೆಣಸಿನಕಾಯಿಯನ್ನು
ಸ್ವಲ್ಪ ಆಚೆ ಸರಿಸಿದೆ.