ಮಾದರಿ ನಲವತ್ತೊಂದು

ಗದುಗಿನ ಪ್ರಯೋಗಾಲಯಕ್ಕೆ ನೀರು ಬರುವುದು
ತಂಪು ಪಾನೀಯದ ಬಾಟಲಿಯಲ್ಲಿ, ಕೆಮ್ಮಿನ ಔಷಧದ ಸೀಸೆಯಲ್ಲಿ,
ಒಮ್ಮೆ ಎಣ್ಣೆಯ ಡಬ್ಬಿಯಲ್ಲಿ, ಮುಚ್ಚಳದ ಬದಲು ಜೋಳದ ದಂಟು ತುರುಕಿ.
ನಾನು ಚೀಟಿ ಅಂಟಿಸುತ್ತೇನೆ: ಊರು, ಓಣಿ, ಬೋರಿನ ಆಳ.
ಬಣ್ಣ: ಇಲ್ಲ. ವಾಸನೆ: ಇಲ್ಲ.
ರುಚಿಯ ಕಾಲಮ್ಮು ಖಾಲಿ ಬಿಡುವುದು ರೂಢಿ;
ಪರೀಕ್ಷೆಯ ನೀರನ್ನು ಯಾರೂ ಕುಡಿಯುವುದಿಲ್ಲ.

ಇಂದಿನ ನಲವತ್ತೊಂದನೆಯದು
ಮುಂಡರಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು,
ಕೊರಳಿಗೆ ಹಳೇ ಕುಪ್ಪಸದ ತುಂಡು ಕಟ್ಟಿಕೊಂಡು.
ಆ ಖಣದ ಅಂಚು ನನಗೆ ಗೊತ್ತು.
ದೊಡ್ಡವ್ವ ಫಕ್ಕೀರವ್ವನ ಹಿತ್ತಲ ಬೋರಿನ ನೀರು.
ನಾನು ಹದಿನಾರು ವರ್ಷ ಕುಡಿದ ನೀರು.

ಹನಿ ಹನಿಯಾಗಿ ದ್ರಾವಣ ಬಿಟ್ಟೆ.
ಮೊದಲು ಗುಲಾಬಿ, ಮದುವೆಮನೆಯ ಶರಬತ್ತಿನಂಥದು.
ಆಮೇಲೆ ನಿಧಾನ ಮಾಸಿತು,
ಕಿತ್ತಳೆಯಾಯಿತು, ಹಳದಿಯಲ್ಲಿ ನಿಂತಿತು.
ಬಣ್ಣದ ಪಟ್ಟಿ ಪಕ್ಕಕ್ಕಿಟ್ಟು ನೋಡಬೇಕಿರಲಿಲ್ಲ.
ಈ ಹಳದಿಯನ್ನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ,
ಮೇಲಿನ ಸಾಲಿನ ನಾಲ್ಕು ಹಲ್ಲುಗಳಲ್ಲಿ.

ಕೊಳೆ ಅಂದುಕೊಂಡಿದ್ದೆವು ಅದನ್ನು.
ಬೂದಿ, ಇದ್ದಿಲು, ಇಟ್ಟಂಗಿಯ ಪುಡಿ, ಉಪ್ಪು-ನಿಂಬೆ,
ಒಸಡು ರಕ್ತ ಕಾರುವ ತನಕ ತಿಕ್ಕುತ್ತಿದ್ದೆ.
ಖೊಖೊ ಆಡಲು ಬಂದ ಪೇಟೆಯ ಹುಡುಗಿಯರು
ನಮಗೆ ಹೆಸರಿಟ್ಟರು: ಹಲ್ಲು ತಿಕ್ಕದ ಸಾಲಿ.
ಢಾಲು ಗೆದ್ದ ದಿನದ ಫೋಟೋದಲ್ಲೂ
ಒಂಬತ್ತು ಮಂದಿಯ ಬಾಯಿ ಮುಚ್ಚಿದೆ.
ಕನ್ಯೆ ನೋಡಲು ಬಂದವರು ಹೇಳಿ ಹೋದರು,
ಹುಡುಗಿ ಭಾಳ ಗಂಭೀರ.

ಅದು ಮೇಲೆ ಹತ್ತಿದ್ದಲ್ಲ, ಒಳಗೇ ನೇಯ್ದದ್ದು.
ಒಸಡಿನ ಕತ್ತಲಲ್ಲಿ ಹಲ್ಲು ಕಟ್ಟಿಕೊಳ್ಳುವಾಗಲೇ
ನೆಲದಡಿಯ ಕಲ್ಲು ನೀರಲ್ಲಿ ಕರಗಿ ಬಂದು
ಎಳೆಯಾಗಿ ಕೂತದ್ದು.
ಚಿಟಿಕೆಯಷ್ಟಿದ್ದರೆ ಹಲ್ಲಿಗೆ ಕಾವಲು,
ಹಿಡಿಯಾದರೆ ಎಲುಬಿಗೆ ಬೀಗ.
ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು.
ದೊಡ್ಡವ್ವ ಸಾರಿಗೆ ಉಪ್ಪು ತೂಗಿ ಹಾಕಿದವಳಲ್ಲ,
ಮೂರು ಬೆರಳು ಸಾಕು ಆಕೆಗೆ.
ನೀರೊಂದು ಮಾತ್ರ ಆ ಬೆರಳಿಗೆ ಸುಳಿವು ಕೊಡಲಿಲ್ಲ.

ಫೋನ್ ಹಚ್ಚಿದೆ.
"ನೀರು ಏನಂತವಾ?"
"ಮೂರು ಪಾಯಿಂಟ್ ನಾಕು, ದೊಡ್ಡವ್ವ."
"ಅಂದ್ರ ಪಾಸ್ ಆತಿಲ್ಲೋ?"
"ಇರಬೇಕಾದ್ದಕ್ಕಿಂತ ಎರಡು ಪಟ್ಟು ಮ್ಯಾಲ ಐತಿ."
"ಹೆಚ್ಚಿದ್ರ ಛಲೋನ ಅಲ್ಲೇನ!"
ನಕ್ಕಳು. ನಗುವಾಗ ಆಕೆ ಬಾಯಿ ಮುಚ್ಚಿಕೊಂಡದ್ದೇ ಇಲ್ಲ.
ಕೆಳಗೆ ಕೂತರೆ ಏಳಲಾರಳು, ಆರು ವರ್ಷವಾಯಿತು;
ಹಿಂದಿನಿಂದ ಕರೆದರೆ ಕೊರಳಲ್ಲ, ಇಡೀ ಮೈ ತಿರುಗಿಸುತ್ತಾಳೆ.
ವಯಸ್ಸಾತು ಅನ್ನುತ್ತಾಳೆ. ಐವತ್ತೆಂಟು.

ಬಸ್‌ಸ್ಟ್ಯಾಂಡಿನ ಹತ್ತಿರ ಐದು ರೂಪಾಯಿ ನಾಣ್ಯದ ಯಂತ್ರವಿದೆ.
"ಆ ನೀರಾಗ ಬ್ಯಾಳಿ ಲಗೂ ಬೇಯ್ತಾವು, ಖರೆ.
ಆದ್ರ ಸಪ್ಪಿ. ಗಂಟಲದಾಗ ಇಳದದ್ದ ತಿಳಿಯಂಗಿಲ್ಲ."
ಅದೂ ಸುಳ್ಳಲ್ಲ. ಬೇಡದ್ದನ್ನು ತಡೆವ ಜರಡಿ
ಬೇಕಾದ ಸುಣ್ಣವನ್ನೂ ತಡೆಯುತ್ತದೆ.
ಮೊಸರು ಬಿಡಬ್ಯಾಡ ಅಂದೆ, ಎಳ್ಳು ಹಚ್ಚಿದ ರೊಟ್ಟಿ,
ನುಗ್ಗಿಸೊಪ್ಪು, ಹಕ್ಕರಿಕಿ...
"ಡಾಕ್ಟರ ಆದೆಲ್ಲ ನೀ!
ನನ್ನ ಎಲುಬು ಇದ್ದ ನೀರಿಗೆ ಒಗ್ಗ್ಯಾವು, ಬಿಡು."

ಇಡುವವಳಿದ್ದೆ.
"ತಡಿ. ನಿನ್ನೆ ನಮ್ಮ ನೇತ್ರಿದು ಮುಂದಿನ ಹಲ್ಲು ಬಿತ್ತು.
ಸಗಣಿ ಉಂಡ್ಯಾಗಿಟ್ಟು ಮಾಳಿಗಿ ಮ್ಯಾಲ ಒಗದೀವಿ.
ಇವತ್ತಿಂದ ಆ ಮಿಷನ್ ನೀರು ಕುಡಿಸಿದ್ರ
ಹೊಸಾದು ಬೆಳ್ಳಗ ಬರತೈತೇನ?"

ಆ ಹಲ್ಲು ಒಳಗೆ ಆಗಲೇ ಕಟ್ಟಿ ಮುಗಿದಿದೆ,
ಅದರ ಬಣ್ಣ ನೇತ್ರಿ ತೊಟ್ಟಿಲಿಳಿದ ವರ್ಷಗಳಲ್ಲೇ ತೀರ್ಮಾನವಾಗಿದೆ.
ಹಿಂದಿನವು ಕೆಲವು ಇನ್ನೂ ಕತ್ತಲಲ್ಲಿ ಕೂತು
ಕೊಟ್ಟಿದ್ದನ್ನೇ ಕುಡಿಯುತ್ತಿವೆ.
ಮೊದಲಿನದು ಹೇಳಲಿಲ್ಲ.
"ದಿನಾ ಒಂದು ಕೊಡ ತರಸು," ಅಂದೆ.

ಕೆಂಪು ಶಾಯಿಯಲ್ಲಿ ಅಂಕಿ ತುಂಬಿದೆ.
ರೂಢಿ ಬಿಟ್ಟು, ರುಚಿಯ ಎದುರು
ಸಿಹಿ ಎಂದು ಬರೆದು,
ಕುಡಿಯಲು ಯೋಗ್ಯವಲ್ಲ ಎಂಬುದರ ಕೆಳಗೆ
ಸಹಿ ಹಾಕಿದೆ.